ಬಳ್ಳಾರಿ ಬಿಸಿಲಿಗೆ ಒಗ್ಗುವ ಸ್ಟೀಮ್‌ಪಂಕ್: ಮೊದಲ ವೇಷ ಕಟ್ಟಿಕೊಳ್ಳಲು ಸಮಗ್ರ ಮಾರ್ಗದರ್ಶಿ

ಎತ್ತರದ ಟೋಪಿಗೆ ನಾಲ್ಕು ಗೇರ್ ಅಂಟಿಸಿ, ಕಂದು ಕೋಟು ಹಾಕಿಕೊಂಡರೆ ಸ್ಟೀಮ್‌ಪಂಕ್, ಅಂದರೆ ಉಗಿಯಂತ್ರ ಕಾಲದ ಕಲ್ಪನೆಯ ವೇಷ, ಆಯ್ತು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆನ್‌ಲೈನ್‌ನಲ್ಲಿ ಸಿಗುವ ರೆಡಿಮೇಡ್ ಸೆಟ್‌ಗಳೂ ಹಾಗೇ ಇರುತ್ತವೆ. ದುಡ್ಡು ಜಾಸ್ತಿ, ಪ್ಲಾಸ್ಟಿಕ್ ಇನ್ನೂ ಜಾಸ್ತಿ. ಬಳ್ಳಾರಿಯವರಿಗೆ ಅದು ಬೇಕಾಗೇ ಇಲ್ಲ. ನಮ್ಮದು ಜೀನ್ಸ್ ಹೊಲಿಯುವ ಊರು. ಅತ್ತ ಸಂಡೂರಿನಲ್ಲಿ ಕಬ್ಬಿಣದ ಅದಿರು, ಇತ್ತ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟು. ಬೇಕಾದ ಬಟ್ಟೆ, ಲೋಹ, ತುಕ್ಕು, ಧೂಳು ಎಲ್ಲ ಸುತ್ತಮುತ್ತಲೇ ಇದೆ. ಒಂದು ವೇಸ್ಟ್‌ಕೋಟು (ಅಂಗಿ ಮೇಲೆ ಹಾಕುವ ತೋಳಿಲ್ಲದ ಕೋಟು), ಒಂದು ಗಾಗಲ್ಸ್, ನಿಜವಾಗಿ ತಿರುಗುವ ಒಂದು ಜೋಡಿ ಗೇರ್. ಮೊದಲ ವೇಷಕ್ಕೆ ಇಷ್ಟು ಸಾಕು.

ಮೊದಲು ಇದೇನು ಅಂತ ತಿಳಿದುಕೊಳ್ಳಿ

19ನೇ ಶತಮಾನ ಉಗಿಯಂತ್ರದ ಕಾಲ. ಆಮೇಲೆ ಪೆಟ್ರೋಲ್ ಬಂತು, ಕರೆಂಟ್ ಬಂತು, ಚಿಪ್ ಬಂತು. ಅವು ಬರದೇ ಉಗಿ, ಹಿತ್ತಾಳೆ, ಗೇರುಗಳೇ ಮುಂದುವರಿದಿದ್ದರೆ ಜಗತ್ತು ಹೇಗಿರುತ್ತಿತ್ತು? ಸ್ಟೀಮ್‌ಪಂಕ್ ಹುಟ್ಟಿದ್ದು ಈ ಪ್ರಶ್ನೆಯಿಂದ. ಇದು ಪೂರ್ತಿ ಗಾಳಿಮಾತೂ ಅಲ್ಲ. ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲೇ ಗೇರುಗಳಿಂದ ಲೆಕ್ಕ ಮಾಡುವ ಅನಲಿಟಿಕಲ್ ಎಂಜಿನ್‌ನ ನಕ್ಷೆ ಹಾಕಿದ್ದ. ಅದಕ್ಕೆ ಏನೇನು ಹೇಳಿ ಮಾಡಿಸಬಹುದು ಅಂತ ಏಡಾ ಲವ್‌ಲೇಸ್ 1843ರಲ್ಲಿ ಬರೆದಿದ್ದಳು. ಎಂಜಿನ್ ಪೂರ್ತಿ ಆಗಲಿಲ್ಲ. ಆಗಿದ್ದರೆ? ಅಲ್ಲಿಂದ ಕತೆಗಳು ಶುರುವಾಗುತ್ತವೆ.

ಈ ಬಗೆಯ ಕತೆಗಳಿಗೆ ಈಗಿನ ಹೆಸರು ಕೊಟ್ಟವನು ಕೆ. ಡಬ್ಲ್ಯು. ಜೀಟರ್ ಎಂಬ ಅಮೆರಿಕದ ಲೇಖಕ, 1987ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಕಾಗದದಲ್ಲಿ. ಕತೆಗಳಿಂದ ಶುರುವಾದದ್ದು ಆಮೇಲೆ ಬಟ್ಟೆ, ಆಭರಣ, ಪೀಠೋಪಕರಣ, ಜಾತ್ರೆ ಎಲ್ಲಕ್ಕೂ ಹಬ್ಬಿತು. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ, ನ್ಯೂಜಿಲೆಂಡಿನ ಓಮರುವಿನಲ್ಲಿ ಇದಕ್ಕಂತಲೇ ಹಬ್ಬ ನಡೆಯುತ್ತದೆ.

ಇದು ಪೂರ್ತಿ ಇಂಗ್ಲಿಷರ ಆಸ್ತಿ ಅಂತ ಅಂದುಕೊಳ್ಳಬೇಡಿ. ಫ್ರಾನ್ಸಿನ ಜೂಲ್ಸ್ ವರ್ನ್ 1880ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಉಗಿಯಿಂದ ನಡೆಯುವ ಕಬ್ಬಿಣದ ಆನೆ ಮನೆಗಳನ್ನೇ ಎಳೆದುಕೊಂಡು ಉತ್ತರ ಭಾರತ ಸುತ್ತುತ್ತದೆ. ಅವನದೇ ಸಬ್‌ಮರೀನ್ ಕತೆಯ ಕ್ಯಾಪ್ಟನ್ ನೀಮೊ ಯಾರು ಗೊತ್ತಾ? ಬುಂದೇಲಖಂಡದ ರಾಜಕುಮಾರ, 1857ರಲ್ಲಿ ಬ್ರಿಟಿಷರ ವಿರುದ್ಧ ಬಡಿದಾಡಿದವನು. ಸ್ಟೀಮ್‌ಪಂಕ್ ಮಂದಿ ತಲೆ ಮೇಲೆ ಹೊತ್ತು ಮೆರೆಸುವ ನಾಯಕ ನಮ್ಮ ಕಡೆಯವನೇ.

ಬಟ್ಟೆಗೆ ಕೈ ಹಾಕುವ ಮುಂಚೆ ಒಂದು ಫೋಟೊ ನೋಡಿ

ಇಂಗ್ಲೆಂಡಿನ ಎಂಜಿನಿಯರ್ ಬ್ರೂನೆಲ್‌ನ ಫೋಟೊ ಹುಡುಕಿ. ರಾಬರ್ಟ್ ಹೌಲೆಟ್ 1857ರಲ್ಲಿ ತೆಗೆದದ್ದು. ಬ್ರೂನೆಲ್ ಆಗ ಗ್ರೇಟ್ ಈಸ್ಟರ್ನ್ ಎಂಬ ದೊಡ್ಡ ಹಡಗು ಕಟ್ಟಿಸುತ್ತಿದ್ದ. ಅವನ ಹಿಂದೆ ಆಳೆತ್ತರಕ್ಕೂ ಮೀರಿದ ಕಬ್ಬಿಣದ ಸರಪಳಿ. ತಲೆ ಮೇಲೆ ಎತ್ತರದ ಟೋಪಿ, ಬಾಯಲ್ಲಿ ಸಿಗಾರ್, ಕೈ ಪ್ಯಾಂಟಿನ ಜೇಬಲ್ಲಿ. ಈಗ ಕೆಳಗೆ ನೋಡಿ. ಬೂಟು, ಪ್ಯಾಂಟು ಎಲ್ಲ ಕೆಸರು. ಬಟ್ಟೆ ಮುದ್ದೆಯಾಗಿದೆ. ಅಂಟಿಸಿದ ಗೇರ್ ಒಂದೂ ಇಲ್ಲ. ಆದರೂ ಈ ಮನುಷ್ಯ ಏನೋ ದೊಡ್ಡ ಯಂತ್ರದ ಕೆಲಸದ ನಡುವೆ ಎದ್ದು ಬಂದಿದ್ದಾನೆ ಅಂತ ಕಂಡ ಕೂಡಲೇ ಗೊತ್ತಾಗುತ್ತದೆ.

ಸರಪಳಿ ಅಂದರೆ ನಮಗೂ ನೆನಪಿದೆಯಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಯಿತು. 33 ಗೇಟುಗಳಲ್ಲಿ ಒಂದೇ ಒಂದು ಹೋಗಿದ್ದಕ್ಕೆ ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ದೃಶ್ಯ ಟಿವಿಯಲ್ಲಿ ನೋಡಿದ್ದರೆ, ಯಂತ್ರದ ಹತ್ತಿರ ಕೆಲಸ ಮಾಡುವವರ ಮೈಮೇಲೆ ಏನಿರುತ್ತದೆ, ಏನಿರುವುದಿಲ್ಲ ಅಂತ ನಿಮಗೆ ಅರ್ಧ ಗೊತ್ತಾದಂತೆಯೇ. ಜೋತಾಡುವ ಲೇಸು, ಗಾಳಿಗೆ ಹಾರುವ ರಿಬ್ಬನ್ನು ಯಾರ ಮೈಮೇಲೂ ಇರಲ್ಲ.

ನೀವು ಯಾರು ಅಂತ ತೀರ್ಮಾನಿಸಿ

ವೇಷಕ್ಕಿಂತ ಮುಂಚೆ ಪಾತ್ರ. ಪಾತ್ರಕ್ಕೆ ಒಂದು ಕೆಲಸ ಇರಬೇಕು. ಕೆಲಸ ಗೊತ್ತಾದರೆ ಜೇಬಲ್ಲಿ ಏನಿರಬೇಕು, ಸೊಂಟಕ್ಕೆ ಏನು ಸಿಕ್ಕಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಮ್ಮ ಕಡೆ ಪಾತ್ರಗಳಿಗೆ ಬರ ಇಲ್ಲ. ಬಾಂಬೆ ಕಡೆಯಿಂದ ಬಂದ ರೈಲುಹಳಿ, ಮದ್ರಾಸ್ ಕಡೆಯಿಂದ ಬಂದ ಹಳಿ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಆ ಜಂಕ್ಷನ್ನಿನ ಟೆಲಿಗ್ರಾಫ್ ಗುಮಾಸ್ತ ಆಗಬಹುದು. ಹಟ್ಟಿ ಚಿನ್ನದ ಗಣಿಯ ಸರ್ವೇಯರ್ ಆಗಬಹುದು. ವಿಜಯನಗರ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಇವತ್ತೂ ನೀರು ಹರಿಯುತ್ತದೆ, ಆ ನೀರು ಅಳೆಯುವ ಯಾಂತ್ರಿಕ ಪೆಟ್ಟಿಗೆ ಹೊತ್ತ ನೀರುಗಂಟಿ ಆಗಬಹುದು. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಗೊಂಬೆ ಮಾಡುತ್ತಾರಲ್ಲ, ಆ ಗೊಂಬೆಗೆ ಕೀಲಿ ಕೊಟ್ಟು ಕುಣಿಸುವ ಚಿತ್ರಗಾರ ಇನ್ನೂ ಚೆಂದ. ಹತ್ತಿ ಜಿನ್ನಿಂಗ್ ಮಿಲ್ಲಿನ ಮಷಿನಿಸ್ಟ್ ಹೆಣ್ಣುಮಗಳು ನನಗೆ ಎಲ್ಲಕ್ಕಿಂತ ಇಷ್ಟ. ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಮೇಲೆ ಡೆನಿಮ್ ವೇಸ್ಟ್‌ಕೋಟು. ಕಚ್ಚೆ ಇದ್ದರೆ ಏಣಿಯನ್ನೂ ಹತ್ತಬಹುದು, ಸೈಕಲ್ಲೂ ಹೊಡೆಯಬಹುದು. ವಿಕ್ಟೋರಿಯಾ ಕಾಲದ ಉಬ್ಬು ಲಂಗದಲ್ಲಿ ಅದು ಸಾಧ್ಯವಾ?

ಒಂದು ಪಾತ್ರ ಮಾತ್ರ ಬೇಡ ಅಂತೀನಿ. ಬೆಂಡಿನ ಟೋಪಿ ಹಾಕಿ, ಬೆತ್ತ ಹಿಡಿದ ದೊರೆ. 1876ರಿಂದ 78ರವರೆಗಿನ ಬರ ಬಳ್ಳಾರಿ ಸೀಮೆಯನ್ನು ಹುರಿದು ಹಾಕಿತು. ರೈಲು ಇದ್ದೂ ಜನ ಸತ್ತರು. ಧಾನ್ಯವನ್ನು ತರುವ ಹಳಿ ಅದನ್ನು ಬೇರೆ ಕಡೆ ಸಾಗಿಸಲೂ ಆಗುತ್ತಿತ್ತು. ಉಗಿಯ ಕಾಲ ಅಂದರೆ ನಮ್ಮ ಪಾಲಿಗೆ ಅದೂ ಹೌದು. ಆ ಕಾಲದ ಯಂತ್ರ ಎತ್ತಿಕೊಳ್ಳಿ, ದೊರೆತನ ಅಲ್ಲೇ ಇರಲಿ.

ಸಾಮಾನು ಹೊಂದಿಸುವುದು

ಗುಜರಿ ಅಂಗಡಿಗೆ ಮೊದಲು ಹೋಗಿ. ಕೆಟ್ಟ ಪ್ರಿಂಟರ್, ಗೋಡೆ ಗಡಿಯಾರ, ಹೊಲಿಗೆ ಮಷಿನ್ನಿನ ಬಿಡಿಭಾಗ, ಹಿತ್ತಾಳೆ ನಲ್ಲಿ, ಒತ್ತಡ ತೋರಿಸುವ ಮೀಟರ್, ಯಾವುದು ಕಂಡರೂ ತೂಕಕ್ಕೆ ಹಾಕಿಸಿ. ಸೈಕಲ್ ರಿಪೇರಿ ಅಂಗಡಿಯಲ್ಲಿ ಸವೆದ ಚೈನು, ಹಲ್ಲುಗಾಲಿ ಸಿಗುತ್ತದೆ. ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ದುಂಡು ಗಾಜಿನ ಗಾಗಲ್ಸ್ ಕೇಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಹಿತ್ತಾಳೆ ವಾಷರ್, ರೆಡ್ ಆಕ್ಸೈಡ್ ಪುಡಿ. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಯಾರಾದರೂ ಪರಿಚಯದವರಿದ್ದರೆ ಕಟಿಂಗ್ ತುಂಡು, ತಾಮ್ರದ ರಿವೆಟ್, ದಪ್ಪ ದಾರ ಕೇಳಿ ನೋಡಿ. ಬಳ್ಳಾರಿಯಲ್ಲಿ ಪರಿಚಯದವರು ಇಲ್ಲದೇ ಇರುವುದು ಕಷ್ಟ.

ಒಂದು ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವ ಮುಳ್ಳಿರುವ ತುಂಬಾ ಹಳೆಯ ವಾಚು, ಮೀಟರ್ ಸಿಕ್ಕರೆ ಬಿಚ್ಚಿ ಕೆರೆಯಬೇಡಿ. ಹಿಂದೆ ಅದಕ್ಕೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿರಲ್ಲ.

ಡೆನಿಮ್ ವೇಸ್ಟ್‌ಕೋಟು

ಉಣ್ಣೆ, ವೆಲ್ವೆಟ್ ಮರೆತುಬಿಡಿ. ನಲವತ್ತು ಡಿಗ್ರಿ ಬಿಸಿಲಲ್ಲಿ ಅದು ಹಾಕಿಕೊಂಡರೆ ನೀವೇ ಬಾಯ್ಲರ್ ಆಗ್ತೀರಿ. ಡೆನಿಮ್ ಮತ್ತು ತೆಳು ಹತ್ತಿ ಸಾಕು. ಡೆನಿಮ್ ಇಲ್ಲಿ ಅಡ್ಜಸ್ಟ್‌ಮೆಂಟ್ ಅಲ್ಲ, ಅಸಲಿ ಮಾಲು. ಜೇಕಬ್ ಡೇವಿಸ್ ಮತ್ತು ಲೀವೈ ಸ್ಟ್ರಾಸ್ ಪ್ಯಾಂಟಿನ ಜೇಬಿನ ಮೂಲೆಗೆ ಲೋಹದ ರಿವೆಟ್ ಹೊಡೆಯುವುದಕ್ಕೆ ಪೇಟೆಂಟ್ ಪಡೆದಿದ್ದು 1873ರ ಮೇ 20ರಂದು. ಕೂಲಿ ಮಾಡುವವರ ಜೇಬು ಹರಿಯಬಾರದು ಅಂತ ಮಾಡಿದ್ದು. ಉಗಿ ಎಂಜಿನ್ ಕಾಲದ ಬಟ್ಟೆಯನ್ನೇ ನಾವು ದಿನಾ ಹೊಲಿದು ಲಾರಿಗೆ ತುಂಬಿಸುತ್ತಿದ್ದೇವೆ.

ದೊಡ್ಡ ಸೈಜಿನ ಎರಡು ಹಳೆ ಜೀನ್ಸ್ ತೆಗೆದುಕೊಳ್ಳಿ. ಕಾಲಿನ ಒಳಹೊಲಿಗೆ ಬಿಚ್ಚಿ, ಒಗೆದು ಇಸ್ತ್ರಿ ಮಾಡಿ ಹಾಸಿ. ಮೈಗೆ ಸರಿಯಾಗಿ ಕೂರುವ ಹಳೆ ವೇಸ್ಟ್‌ಕೋಟನ್ನು ಪೇಪರ್ ಮೇಲಿಟ್ಟು ಗೀಟು ಎಳೆಯಿರಿ, ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಬಿಡಿ. ವೇಸ್ಟ್‌ಕೋಟು ಇಲ್ಲದಿದ್ದರೆ ಟೈಲರ್ ಹತ್ತಿರ ಅಳತೆ ಕೊಟ್ಟು ಪೇಪರ್ ಕಟಿಂಗ್ ಮಾತ್ರ ಮಾಡಿಸಿಕೊಳ್ಳಿ. ಪೇಪರ್ ಇಡುವಾಗ ಬಟ್ಟೆಯ ಉದ್ದದ ನೂಲು ಕೋಟಿನ ಉದ್ದಕ್ಕೇ ಇರಬೇಕು. ಅಡ್ಡ ಇಟ್ಟರೆ ಎರಡು ಒಗೆತಕ್ಕೆ ಒಂದು ಬದಿ ಜೋತುಬೀಳುತ್ತದೆ. ಹಳೆ ಜೇಬು, ಮಾಸಿದ ಗೆರೆ, ಮಂಡಿಯ ಸವೆತ ಮುಂಭಾಗದಲ್ಲೇ ಬರುವ ಹಾಗೆ ಕತ್ತರಿಸಿ. ಹೊಸ ಬಟ್ಟೆಯಲ್ಲಿ ಆ ಸವೆತ ಬರಿಸುವುದಕ್ಕೆ ಫ್ಯಾಕ್ಟರಿಗಳು ಕಲ್ಲು, ಕಿಣ್ವ ಎಲ್ಲ ಬಳಸುತ್ತವೆ. ನಿಮಗೆ ಅದು ಪುಗಸಟ್ಟೆ ಸಿಕ್ಕಿದೆ.

ಬೆನ್ನಿಗೆ ಡೆನಿಮ್ ಬೇಡ. ಹಳೆಯ ಕಾಲದ ವೇಸ್ಟ್‌ಕೋಟುಗಳಲ್ಲೂ ಬೆನ್ನಿಗೆ ತೆಳು ಬಟ್ಟೆಯೇ ಇರುತ್ತಿತ್ತು. ಗುಳೇದಗುಡ್ಡದ ಖಣ ಹಾಕಿ. ಖಣದ ಬಣ್ಣ ಬಿಡುತ್ತದಾ ಅಂತ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ ಆಮೇಲೆ ಹೊಲಿಯಿರಿ. ಹಿಂದಿನಿಂದ ನೋಡಿದವರಿಗೆ ಇದು ಲಂಡನ್ ಅಲ್ಲ, ನಮ್ಮ ಕಡೆಯದು ಅಂತ ತಕ್ಷಣ ಗೊತ್ತಾಗಬೇಕು.

ಮನೆಯ ಮಷಿನ್ನಲ್ಲಿ ಹೊಲಿಯುವವರು 16 ನಂಬರ್ ಸೂಜಿ ಹಾಕಿ, ಹೊಲಿಗೆ ಸ್ವಲ್ಪ ಉದ್ದ ಇಟ್ಟುಕೊಳ್ಳಿ. ದಪ್ಪ ಜಾಯಿಂಟ್ ಬಂದಾಗ ಮಷಿನ್ ನಿಂತುಬಿಡುತ್ತದೆ. ಆಗ ಜಗ್ಗಾಡಬೇಡಿ. ಆ ಜಾಗವನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕೈದು ಸಲ ಬಡಿಯಿರಿ. ನೂಲು ಚಪ್ಪಟೆಯಾಗಿ ಸೂಜಿ ಸಲೀಸಾಗಿ ಇಳಿಯುತ್ತದೆ. ಆಮೇಲೂ ಕಷ್ಟ ಅನಿಸಿದರೆ ಗಾಲಿ ಕೈಯಲ್ಲಿ ತಿರುಗಿಸಿ ದಾಟಿಸಿ. ರಿವೆಟ್ ಹೊಡೆಯುವುದು ಜೇಬಿನ ಮೂಲೆ, ಪಟ್ಟಿಯ ಬುಡ, ಅಂದರೆ ಎಳೆತ ಬೀಳುವ ಕಡೆ ಮಾತ್ರ. ದಬ್ಬಣದಿಂದ ತೂತು ಮಾಡಿ, ಕೆಳಗೆ ಕಬ್ಬಿಣದ ತುಂಡಿಟ್ಟು ಒಂದೇ ನೇರ ಪೆಟ್ಟು. ಅಂದಕ್ಕೆ ಅಂತ ಸಾಲಾಗಿ ಇಪ್ಪತ್ತು ರಿವೆಟ್ ಹೊಡೆದರೆ ಬ್ಯಾಂಡ್‌ಸೆಟ್ ಯೂನಿಫಾರ್ಮ್ ಆಗುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ. ಅದರ ಒಂದು ಪಟ್ಟಿ ಕಾಲರಿಗೋ ಸೊಂಟದ ಬೆಲ್ಟಿಗೋ ಹಾಕಿದರೆ ಕನ್ನಡಿ, ಕವಡೆ ಎಲ್ಲ ಹಿತ್ತಾಳೆ ಜೊತೆ ಚೆನ್ನಾಗಿ ಹೊಂದುತ್ತದೆ. ಆದರೆ ಯಾರದೋ ಹಳೆ ಲಂಬಾಣಿ ಲಂಗ ಕತ್ತರಿಸಬೇಡಿ. ಸಂಡೂರಿನಲ್ಲಿ ಆ ಹೆಣ್ಣುಮಕ್ಕಳೇ ಹೊಲಿದು ಮಾರುತ್ತಾರೆ, ಪಟ್ಟಿಯನ್ನು ಅವರಿಂದಲೇ ಕೊಳ್ಳಿ.

ತುಕ್ಕಿನಿಂದ ಕಪ್ಪು ಬಣ್ಣ

ಇದು ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಡುವ ಭಾಗ. ಬಟ್ಟೆಯ ಮೇಲೆ ಕಡ್ಡಿಯಿಂದ ಚಿತ್ರ ಬರೆಯುವ ಕಲಂಕಾರಿ ಕಲಾವಿದರು ಕಪ್ಪು ಗೆರೆ ಎಳೆಯುವುದು ತುಕ್ಕಿನಿಂದ ಅಂತ ಗೊತ್ತಾ? ಕಬ್ಬಿಣದ ಚೂರು, ಬೆಲ್ಲ, ನೀರು ಹಾಕಿ ಎರಡು ಮೂರು ವಾರ ಕೊಳೆಸುತ್ತಾರೆ. ಬರುವ ಕಂದು ರಸಕ್ಕೆ ಕಸಿಮಿ ಅನ್ನುತ್ತಾರೆ. ವೇಷದ ಒಳಗೆ ಹಾಕುವ ಬಿಳಿ ಹತ್ತಿ ಅಂಗಿಗೆ ಯಂತ್ರದ ನಕ್ಷೆ, ಮಸಿಯ ಕಲೆ ಬರಿಸಲು ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಮಣ್ಣಿನ ಅಥವಾ ಗಾಜಿನ ಪಾತ್ರೆಗೆ ಒಂದು ಹಿಡಿ ತುಕ್ಕು ಹಿಡಿದ ಮೊಳೆ, ಒಂದು ಹಿಡಿ ಬೆಲ್ಲ, ಒಂದು ಲೀಟರ್ ನೀರು ಹಾಕಿ. ಬಾಯಿಗೆ ಬಟ್ಟೆ ಕಟ್ಟಿ. ಮುಚ್ಚಳ ಬಿಗಿಯಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. ವಾಸನೆ ಬರುತ್ತದೆ, ಹಿತ್ತಲಲ್ಲೇ ಇಡಿ. ಬಟ್ಟೆಯನ್ನು ಅಳಲೆಕಾಯಿ ಪುಡಿ ಕಲಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ನೆರಳಲ್ಲಿ ಒಣಗಿಸಿ. ಬಟ್ಟೆ ತೆಳು ಹಳದಿಗೆ ತಿರುಗುತ್ತದೆ. ಅಳಲೆ ನೀರಿಗೆ ಎಮ್ಮೆ ಹಾಲು ಸೇರಿಸುವುದು ಹಳೆಯ ಕ್ರಮ, ಹಾಲಿನ ಕೊಬ್ಬು ಇದ್ದರೆ ಗೆರೆ ಹರಡುವುದಿಲ್ಲ. ಈಗ ಕಸಿಮಿಯನ್ನು ಸೋಸಿ ಕಡ್ಡಿಯಿಂದ ಒಂದು ಗೆರೆ ಎಳೆಯಿರಿ. ಕಡ್ಡಿ ಎತ್ತುವಾಗ ತೆಳು ಕಂದು ಇದ್ದದ್ದು ನೀವು ನೋಡುತ್ತಿರುವಾಗಲೇ ಬೂದಾಗಿ, ಕಪ್ಪಾಗುತ್ತದೆ. ಅಳಲೆಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಕೂಡಿ ಕಪ್ಪಾಗುವುದು ಅದು. ಮನೆಯಲ್ಲಿ ಅಳಲೆಕಾಯಿ ಇಲ್ಲದಿದ್ದರೆ ಗಟ್ಟಿ ಚಹಾ ಡಿಕಾಕ್ಷನ್ ಕೂಡ ನಡೆಯುತ್ತದೆ, ಬಣ್ಣ ಬೂದಿಗೇ ನಿಲ್ಲುತ್ತದೆ. ಕೊನೆಗೆ ಚೆನ್ನಾಗಿ ಜಾಲಿಸಿ. ಕಬ್ಬಿಣ ಉಳಿದರೆ ವರ್ಷ ಕಳೆದಂತೆ ಅದು ನೂಲನ್ನೇ ತಿನ್ನುತ್ತದೆ.

ಗಾಗಲ್ಸ್

ದುಂಡು ವೆಲ್ಡಿಂಗ್ ಗಾಗಲ್ಸ್‌ನ ಮುಂದಿನ ಬಳೆ ತಿರುಗಿಸಿದರೆ ಬಿಚ್ಚುತ್ತದೆ. ಕಪ್ಪು ಗಾಜು ತೆಗೆದು ಅದೇ ಅಳತೆಯ ಬಿಳಿ ಗಾಜು ಹಾಕಿ. ಕಪ್ಪು ಗಾಜಿನಲ್ಲಿ ಗಾಡಿ ಓಡಿಸುವುದಿರಲಿ, ಮೆಟ್ಟಿಲು ಇಳಿಯುವುದೂ ಅಪಾಯ. ಪ್ಲಾಸ್ಟಿಕ್ ಮೈಯನ್ನು 400 ನಂಬರ್ ಉಪ್ಪುಕಾಗದದಿಂದ ಉಜ್ಜಿ, ಪೂರ್ತಿ ಕಪ್ಪು ಹೊಡೆಯಿರಿ. ಒಣಗಿದ ಮೇಲೆ ಬ್ರಶ್ಶಿಗೆ ತಾಮ್ರದ ಬಣ್ಣ ತಾಗಿಸಿ, ಪೇಪರಿಗೆ ಒರೆಸಿ ಬಹುತೇಕ ಖಾಲಿ ಮಾಡಿ, ಆ ಒಣ ಬ್ರಶ್ಶನ್ನು ಉಬ್ಬಿದ ಅಂಚುಗಳ ಮೇಲೆ ಮಾತ್ರ ಸವರಿ. ಸಂದಿನಲ್ಲಿ ಕಪ್ಪು ಉಳಿಯುತ್ತದೆ, ಅಂಚು ಸವೆದ ಲೋಹದ ಹಾಗೆ ಕಾಣುತ್ತದೆ. ತುಕ್ಕು ಬೇಕಾದ ಕಡೆ ರೆಡ್ ಆಕ್ಸೈಡ್ ಪುಡಿಯನ್ನು ವಾರ್ನಿಶ್‌ನಲ್ಲಿ ಕಲಸಿ ಕುಟ್ಟಿದ ಹಾಗೆ ಹಚ್ಚಿ. ಸಂಡೂರಿನ ಕೆಂಪು ಅದಿರಿನಲ್ಲಿರುವುದೂ ಅದೇ ಕಬ್ಬಿಣದ ಆಕ್ಸೈಡ್. ಕೆನ್ನೆಗೆ ತಾಗುವ ಅಂಚಿಗೆ ಚಪ್ಪಲಿ ಅಂಗಡಿಯ ಮೆತ್ತನೆ ಚರ್ಮದ ತುಂಡು ಅಂಟಿಸಿ.

ಗೇರ್ ಅಂದರೆ ತಿರುಗಬೇಕು

ಒಂದು ಹಲ್ಲುಗಾಲಿ ಬಲಕ್ಕೆ ತಿರುಗಿದರೆ ಅದಕ್ಕೆ ಕಚ್ಚಿಕೊಂಡದ್ದು ಎಡಕ್ಕೆ ತಿರುಗಬೇಕು. ಮೂರು ಗಾಲಿ ಒಂದಕ್ಕೊಂದು ತ್ರಿಕೋನದಲ್ಲಿ ಕಚ್ಚಿಕೊಂಡರೆ? ಮೂರನೆಯದು ಯಾವ ಕಡೆ ತಿರುಗಬೇಕು? ಎರಡೂ ಕಡೆಯಿಂದ ಜಗ್ಗಿಸಿಕೊಂಡು ನಿಂತುಬಿಡುತ್ತದೆ. ಆನ್‌ಲೈನ್‌ನಲ್ಲಿ ಮಾರುವ ಪೆಂಡೆಂಟ್, ಟೋಪಿಗಳಲ್ಲಿ ಈ ತ್ರಿಕೋನ ಹುಡುಕಿ ನೋಡಿ, ಎಷ್ಟು ಸಲ ಕಾಣುತ್ತದೆ ಅಂತ. ಒಮ್ಮೆ ಕಂಡರೆ ಆಮೇಲೆ ಬೇರೆ ಏನೂ ಕಾಣುವುದಿಲ್ಲ.

ನೀವು ಎರಡೇ ಗಾಲಿಯಿಂದ ಶುರು ಮಾಡಿ. ಸಾದಾ ಸೈಕಲ್ಲಿನ ಮುಂದಿನ ಚಕ್ರಕ್ಕೆ ಸಾಮಾನ್ಯವಾಗಿ 44 ಹಲ್ಲು, ಹಿಂದಿನದಕ್ಕೆ 18. ಮುಂದಿನದು ಒಂದು ಸುತ್ತು ಬಂದರೆ ಹಿಂದಿನದು ಹತ್ತಿರ ಹತ್ತಿರ ಎರಡೂವರೆ ಸುತ್ತು. ಇಲ್ಲಿ ನಡುವೆ ಚೈನು ಇರುವುದರಿಂದ ಎರಡೂ ಒಂದೇ ದಿಕ್ಕಿಗೆ ತಿರುಗುತ್ತವೆ. ಇವನ್ನು ಹಲಗೆಗೆ ಬೋಲ್ಟ್ ಮಾಡಿ ಬೆನ್ನಚೀಲ ಮಾಡಬಹುದು, ಆದರೆ ಭಾರ. ಮುಂಗೈ ಪಟ್ಟಿಗೆ ಪ್ರಿಂಟರ್ ಗೇರುಗಳೇ ಸರಿ. ಪ್ರಿಂಟರ್ ಬಿಚ್ಚುವಾಗ ಗೇರ್ ಕೂತಿದ್ದ ಕಡ್ಡಿಗಳ ಸಮೇತ ಆ ಪ್ಲೇಟನ್ನೇ ಕತ್ತರಿಸಿಕೊಳ್ಳಿ. ಅವುಗಳ ನಡುವಿನ ಅಂತರ ಕಾರ್ಖಾನೆಯಲ್ಲೇ ಕೂಡಿಸಿದ್ದು. ಅಷ್ಟು ಕರಾರುವಾಕ್ಕಾಗಿ ನಾವು ತೂತು ಕೊರೆಯುವುದು ಆಗದ ಮಾತು. ಹಿತ್ತಾಳೆ ಬಣ್ಣ ಮುಖಕ್ಕೆ ಮಾತ್ರ ಹಚ್ಚಿ, ಹಲ್ಲಿಗೆ ಬೇಡ. ಬಣ್ಣ ಹೊಕ್ಕರೆ ಗಾಲಿ ತಿರುಗದೆ ಬಿಗಿದುಕೊಳ್ಳುತ್ತದೆ. ಬದಿಯಲ್ಲಿ ಪುಟ್ಟ ಹಿಡಿಕೆ ಇಡಿ. ಮಕ್ಕಳು ಬಂದು ತಿರುಗಿಸಿಯೇ ತಿರುಗಿಸುತ್ತಾರೆ. ತಿರುಗಿಸಲಿ ಬಿಡಿ.

ನಿಜವಾದ ಹಿತ್ತಾಳೆ ತುಂಡು ಇದ್ದರೆ ಹಳತು ಮಾಡುವುದು ಸುಲಭ. ಹುಣಸೆಹಣ್ಣಿನಿಂದ ಬೆಳಗಿ, ಸೋಪಿನಿಂದ ತೊಳೆದು ಒಣಗಿಸಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ವಿನೆಗರ್, ಉಪ್ಪಲ್ಲಿ ನೆನೆಸಿದ ಕಾಗದ ಹಾಕಿ, ಅದಕ್ಕೆ ತಾಗದ ಹಾಗೆ ಹಿತ್ತಾಳೆಯನ್ನು ಎತ್ತರಕ್ಕಿಟ್ಟು ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಸಿರು ನೀಲಿ ಹಿಡಿದಿರುತ್ತದೆ. ಅಜ್ಜಿಯ ತಂಬಿಗೆ ಮೇಲೆ ಈ ಪ್ರಯೋಗ ಬೇಡ.

ಉಗಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಕುಕ್ಕರ್, ಹಳೆ ಸಿಲಿಂಡರ್ ಬಳಸಿ ನಿಜವಾದ ಉಗಿ ಮಾಡಲು ಹೋಗಬೇಡಿ. ಒತ್ತಡದಲ್ಲಿರುವ ಉಗಿ ಕೊಲ್ಲುತ್ತದೆ. ಹೊಗೆ ಕಾಣಬೇಕಾದರೆ ನೀರನ್ನು ಮಂಜು ಮಾಡುವ ಚಿಕ್ಕ ಅಲ್ಟ್ರಾಸಾನಿಕ್ ಬಿಲ್ಲೆ ಸಾಕು. ಅದು ತಣ್ಣಗಿರುತ್ತದೆ. ನಿಜವಾದ ಉಗಿ ಎಂಜಿನ್ ನೋಡಬೇಕು ಅಂದರೆ ಹುಬ್ಬಳ್ಳಿ ಅಥವಾ ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ. ಪಿಸ್ಟನ್ನಿನ ದಂಡ ಗಾಲಿಗೆ ಎಲ್ಲಿ ಸೇರುತ್ತದೆ, ಎಲ್ಲೆಲ್ಲಿ ಎಣ್ಣೆ ಬಿಡುವ ಬಟ್ಟಲಿದೆ ಅಂತ ಬಗ್ಗಿ ನೋಡಿ, ಸ್ಕೆಚ್ ಮಾಡಿಕೊಳ್ಳಿ.

ಹಾಕಿಕೊಂಡು ಹೊರಗೆ ಹೊರಡುವಾಗ

ಆಟಿಕೆ ಬಂದೂಕನ್ನು ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ನಿಗೆ ಒಯ್ಯಬೇಡಿ. ದೂರದಿಂದ ನೋಡಿದ ಪೊಲೀಸರಿಗೆ ಅದು ಆಟಿಕೆ ಅಂತ ಗೊತ್ತಾಗಲ್ಲ. ವೈರು, ಮೀಟರ್ ಇರುವ ಪೆಟ್ಟಿಗೆಯೂ ಅಷ್ಟೇ. ಬೆಂಗಳೂರಿನ ಕಾಮಿಕ್ ಕಾನ್‌ಗೆ (ವೇಷ ಹಾಕಿಕೊಂಡು ಸೇರುವ ಕಾಮಿಕ್ಸ್ ಅಭಿಮಾನಿಗಳ ಮೇಳ) ಹೋಗುವವರು ಅಲ್ಲಿ ಯಾವ ಸಾಮಾನಿಗೆ ಅನುಮತಿ ಇದೆ ಅಂತ ಮೊದಲೇ ಓದಿಕೊಳ್ಳಿ.

ಫೋಟೊಗೆ ಬಳ್ಳಾರಿ ಕೋಟೆ ಚೆನ್ನ. ಹೈದರಾಲಿ ಈ ಕೋಟೆ ಬಲಪಡಿಸಲು ಫ್ರೆಂಚ್ ಎಂಜಿನಿಯರ್‌ನನ್ನು ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಇದೆ ಅಂತ ಗೊತ್ತಾಗಿ, ಅವನನ್ನು ಬಾಗಿಲಲ್ಲೇ ನೇಣು ಹಾಕಿಸಿದ ಅಂತ ಕತೆ. ಎತ್ತರ ಅಳೆಯುವ ಹಿತ್ತಾಳೆ ಯಂತ್ರ ಹಿಡಿದು ಆ ಗುಡ್ಡವನ್ನೇ ದುರುಗುಟ್ಟಿ ನೋಡುತ್ತಿರುವ ಎಂಜಿನಿಯರ್, ಯಾರಾದರೂ ಈ ಪಾತ್ರ ಮಾಡಿ. ಸಂರಕ್ಷಿತ ಸ್ಮಾರಕ ಅದು, ಟ್ರೈಪಾಡ್ ಇಡುವ ಮುಂಚೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಬೆಳಗ್ಗೆ ಬೇಗ ಹತ್ತಿ, ವೇಸ್ಟ್‌ಕೋಟು ಬ್ಯಾಗಿನಲ್ಲಿರಲಿ, ಮೇಲೆ ಹೋಗಿ ಬೆವರು ಆರಿದ ಮೇಲೆ ಹಾಕಿಕೊಳ್ಳಿ. ನೀರು ಕೆಳಗಿನಿಂದಲೇ ಒಯ್ಯಿರಿ. ಒಬ್ಬರಿಗೆ ಎರಡು ಲೀಟರ್, ಏಪ್ರಿಲ್ ಮೇ ಆದರೆ ಹತ್ತುವುದೇ ಬೇಡ, ನವೆಂಬರ್ ತನಕ ತಡೆಯಿರಿ.